ಮೆಮ್‌ಮ್ಯಾಪ್ ಸೇರಿಸಿದ ಮೇಲೆ ಸರ್ವರ್ ‘ಲೋಡಿಂಗ್ ಇನಿಶಿಯಲ್ ರ್ಯಾಮ್‌ಡಿಸ್ಕ್’ ಸಾಲಿನಲ್ಲೇ ನಿಂತಿದೆ

ರ್ಯಾಕ್_ಮೂಲೆ ಕೇಳಿದ್ದು:

ಒಂದೇ ಪ್ರೊಸೆಸರ್ ಇರುವ ಸರ್ವರ್, 16 ಜಿಬಿಯ 4 ಇಸಿಸಿ (ದೋಷ ತಿದ್ದುವ) ಡಿಮ್ಮುಗಳು, ಅಂದರೆ ಮೆಮೊರಿ ಪಟ್ಟಿಗಳು, ಒಟ್ಟು 64 ಜಿಬಿ. ಲಿನಕ್ಸ್ ಕರ್ನಲ್ 5.14, ಬೂಟ್‌ಲೋಡರ್ ಗ್ರಬ್2, ಇನಿಟ್‌ರ್ಯಾಮ್‌ಎಫ್‌ಎಸ್ (ಅಸಲಿ ರೂಟ್ ಸಿಗುವ ಮುಂಚೆ ಕರ್ನಲ್ ಬಳಸುವ ತಾತ್ಕಾಲಿಕ ಕಡತ ವ್ಯವಸ್ಥೆ) ಕಟ್ಟೋದು ಡ್ರ್ಯಾಕಟ್. ಬಿಎಲ್‌ಎಸ್ ಕಡತಗಳಿಲ್ಲ (ಕರ್ನಲ್‌ಗೊಂದರಂತೆ ಇರುವ ಬೂಟ್ ಕಡತಗಳು), ಹಳೇ ಪದ್ಧತಿಯ ಗ್ರಬ್.ಸಿಎಫ್‌ಜಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡುತ್ತೆ, ಅದಕ್ಕೆ 2 ಎಂಬಿಯ 20480 ಹ್ಯೂಜ್‌ಪೇಜ್ (ದೊಡ್ಡ ಮೆಮೊರಿ ಪುಟ) ಮೀಸಲಿಟ್ಟಿದೆ.

ಕೆಲವು ದಿನದಿಂದ ಡಿಮೆಸೆಜ್‌ನಲ್ಲಿ (ಕರ್ನಲ್ ಲಾಗ್) ಈಡ್ಯಾಕ್, ಅಂದರೆ ಮೆಮೊರಿ ದೋಷ ಗಮನಿಸುವ ಕರ್ನಲ್ ಭಾಗ, ಒಂದೇ ಡಿಮ್ಮಿನ ಮೇಲೆ ಸಿಇ (ತಿದ್ದಬಹುದಾದ) ದೋಷ ತೋರಿಸ್ತಿದೆ. ಪ್ರತಿ ಸಲವೂ ಅದೇ ಪುಟ, ‘ಪೇಜ್:0ಎಕ್ಸ್238491’. ಬದಲಿ ಡಿಮ್ಮು ಬರೋವರೆಗೆ ಆ ಜಾಗ ಬಳಕೆಯಾಗದಿರಲಿ ಅಂತ /ಇಟಿಸಿ/ಡಿಫಾಲ್ಟ್/ಗ್ರಬ್ ಕಡತದ ಗ್ರಬ್_ಸಿಎಂಡಿಲೈನ್_ಲಿನಕ್ಸ್ ಸಾಲಿನ ಕೊನೆಗೆ ಇದನ್ನು, ಅಂದರೆ 9088 ಎಂಬಿ ವಿಳಾಸದಿಂದ 64 ಎಂಬಿ ಮುಟ್ಟಬೇಡ ಅನ್ನೋ ಕರ್ನಲ್ ಆಯ್ಕೆಯನ್ನು, ಸೇರಿಸಿದೆ:

ಮೆಮ್‌ಮ್ಯಾಪ್=64ಎಂ\$9088ಎಂ

ಗ್ರಬ್2-ಎಂಕೆಕಾನ್ಫಿಗ್ ಓಡಿಸಿ ರೀಬೂಟ್ ಮಾಡಿದೆ. ಈಗ ಪರದೆ ಮೇಲೆ ‘ಲೋಡಿಂಗ್ ಇನಿಶಿಯಲ್ ರ್ಯಾಮ್‌ಡಿಸ್ಕ್’ ಬಂದು ಅಲ್ಲೇ ನಿಲ್ಲುತ್ತೆ. ಪ್ಯಾನಿಕ್ ಇಲ್ಲ, ಬೇರೆ ಸಂದೇಶವೂ ಇಲ್ಲ. ಹಳೇ ಕರ್ನಲ್ ಆರಿಸಿದರೂ ಅದೇ ಕಥೆ. ರೆಸ್ಕ್ಯೂ ಯುಎಸ್‌ಬಿಯಿಂದ ಬೂಟ್ ಆಗುತ್ತೆ, ಅಲ್ಲಿ ಫ್ರೀ ಕಮಾಂಡ್ 62 ಜಿಬಿ ತೋರಿಸುತ್ತೆ. ಇನಿಟ್‌ರ್ಯಾಮ್‌ಎಫ್‌ಎಸ್ ಕೆಟ್ಟಿರಬಹುದಾ? ಮತ್ತೆ ಕಟ್ಟಬೇಕಾ?

---

ಬೂಟ್‌ಬಾಗಿಲು ಉತ್ತರ:

ಇನಿಟ್‌ರ್ಯಾಮ್‌ಎಫ್‌ಎಸ್ ಮುಟ್ಟಬೇಡಿ, ಅದು ಸರಿಯಾಗೇ ಇದೆ. ತೊಂದರೆ ಇರೋದು ಆ ಡಾಲರ್ ಚಿಹ್ನೆಯಲ್ಲಿ.

ಗ್ರಬ್‌ಗೆ ತನ್ನದೇ ಒಂದು ಚಿಕ್ಕ ಸ್ಕ್ರಿಪ್ಟ್ ಭಾಷೆ ಇದೆ, ಅದರಲ್ಲಿ $ ಬಂದರೆ ವೇರಿಯಬಲ್ ಅಂತ ಅರ್ಥ. ನೀವು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದ್ದೀರಿ. ಎರಡು ಕೋಟ್‌ಗಳ ಒಳಗಿರುವ ಆ ಸಾಲನ್ನು ಎಂಕೆಕಾನ್ಫಿಗ್ ಶೆಲ್ ಆಗಿ ಓದುವಾಗ ಆ ಒಂದು ಬ್ಯಾಕ್‌ಸ್ಲ್ಯಾಶ್ ಖರ್ಚಾಗಿಹೋಯ್ತು. ಗ್ರಬ್.ಸಿಎಫ್‌ಜಿಗೆ ಬಂದು ಬಿದ್ದದ್ದು ಬರೀ $. ಬೂಟ್ ಹೊತ್ತಿನಲ್ಲಿ ಗ್ರಬ್ ಆ $ ಅನ್ನೂ ಅದರ ನಂತರದ ಸಂಖ್ಯೆಯನ್ನೂ ನುಂಗಿತು. ಕರ್ನಲ್‌ಗೆ ತಲುಪಿದ್ದರಲ್ಲಿ ವಿಳಾಸವೇ ಇಲ್ಲ, ಉಳಿದಿದ್ದು ‘ಮೆಮ್‌ಮ್ಯಾಪ್=64ಎಂ’ ಅನ್ನೋ ಅರ್ಥ ಮಾತ್ರ.

ಇಲ್ಲಿದೆ ಅಪಾಯ. ವಿಳಾಸವಿಲ್ಲದ ಮೆಮ್‌ಮ್ಯಾಪ್ ಅನ್ನು ಕರ್ನಲ್ ತಪ್ಪು ಅಂತ ತಳ್ಳಿಹಾಕೋದಿಲ್ಲ. ‘ಮೆಮ್=64ಎಂ’ ಅಂತ ಬರೆದ ಹಾಗೇ ನಡೆದುಕೊಳ್ಳುತ್ತೆ, ಅಂದರೆ 64 ಎಂಬಿಗಿಂತ ಮೇಲಿನ ವಿಳಾಸಗಳೆಲ್ಲ ಇಲ್ಲ ಅಂತ ಲೆಕ್ಕ. ನೀವು 64 ಎಂಬಿ ಬಿಟ್ಟು ಉಳಿದದ್ದನ್ನು ಬಳಸು ಅಂದಿರಿ, ಅದಕ್ಕೆ ಕೇಳಿಸಿದ್ದು 64 ಎಂಬಿ ಮಾತ್ರ ಬಳಸು ಅಂತ. ಅಷ್ಟರಲ್ಲೇ ಕರ್ನಲ್ ಕೂರಬೇಕು, ಇನಿಟ್‌ಆರ್‌ಡಿಯೂ (ಅದೇ ಇನಿಟ್‌ರ್ಯಾಮ್‌ಎಫ್‌ಎಸ್) ಕೂರಬೇಕು. ಜಾಗ ಎಲ್ಲಿಂದ ಬರಬೇಕು? ಹಳೇ ಕರ್ನಲ್‌ಗೂ ಅದೇ ಸಾಲು ಹೋಗುತ್ತೆ, ಹಾಗಾಗಿ ಅದೂ ಏಳಲಿಲ್ಲ.

ಈಗ ಏಳಿಸೋದು ಹೀಗೆ. ಗ್ರಬ್ ಮೆನು ಬಂದಾಗ ‘ಇ’ ಒತ್ತಿ. ಲಿನಕ್ಸ್ ಅಂತ ಶುರುವಾಗುವ ಸಾಲಿಗೆ ಹೋಗಿ ಮೆಮ್‌ಮ್ಯಾಪ್ ತುಂಡನ್ನು ಪೂರ್ತಿ ಅಳಿಸಿ, ಕಂಟ್ರೋಲ್ ಜೊತೆ ‘ಎಕ್ಸ್’ ಒತ್ತಿ. ಈ ತಿದ್ದುಪಡಿ ಆ ಒಂದು ಬೂಟಿಗೆ ಮಾತ್ರ. ರೆಸ್ಕ್ಯೂ ಯುಎಸ್‌ಬಿ ಬೇಕಾಗಿಲ್ಲ.

ಆಮೇಲೆ /ಇಟಿಸಿ/ಡಿಫಾಲ್ಟ್/ಗ್ರಬ್‌ನಲ್ಲಿ ಮೂರು ಬ್ಯಾಕ್‌ಸ್ಲ್ಯಾಶ್ ಇರಲಿ:

ಮೆಮ್‌ಮ್ಯಾಪ್=64ಎಂ\\\$9088ಎಂ

ಮೂರೇ ಯಾಕೆ ಅಂದರೆ, ಶೆಲ್ ಓದುವಾಗ ಮೊದಲ ಎರಡು ಸೇರಿ ಒಂದು ಬ್ಯಾಕ್‌ಸ್ಲ್ಯಾಶ್ ಆಗುತ್ತೆ, ಮೂರನೆಯದು $ ಅನ್ನು ಕಾಯುತ್ತೆ. ಗ್ರಬ್.ಸಿಎಫ್‌ಜಿಯಲ್ಲಿ \$ ಉಳಿಯುತ್ತೆ. ಗ್ರಬ್ ಆ ಒಂದನ್ನು ತೆಗೆದು ಕರ್ನಲ್‌ಗೆ ಬರೀ $ ಕೊಡುತ್ತೆ. ಎಂಕೆಕಾನ್ಫಿಗ್ ಓಡಿಸಿದ ಮೇಲೆ ರೀಬೂಟ್‌ಗೆ ಮುಂಚೆ ಗ್ರಬ್.ಸಿಎಫ್‌ಜಿಯಲ್ಲಿ ಮೆಮ್‌ಮ್ಯಾಪ್ ಗ್ರೆಪ್ ಮಾಡಿ. \$ ಕಾಣಿಸಿದರೆ ಮಾತ್ರ ರೀಬೂಟ್. ಬೂಟ್ ಆದ ಮೇಲೆ /ಪ್ರಾಕ್/ಸಿಎಂಡಿಲೈನ್ ನೋಡಿದರೆ ಅಲ್ಲಿ ಬ್ಯಾಕ್‌ಸ್ಲ್ಯಾಶ್ ಇರಬಾರದು, $ ಮಾತ್ರ ಇರಬೇಕು. ‘ಇ’ ಒತ್ತಿ ಕೈಯಲ್ಲೇ ಟೈಪ್ ಮಾಡುವಾಗ ಮಧ್ಯೆ ಶೆಲ್ ಇಲ್ಲ, ಅಲ್ಲಿ ಒಂದೇ ಬ್ಯಾಕ್‌ಸ್ಲ್ಯಾಶ್ ಸಾಕು. ನಾನಾದರೆ ಮೊದಲು ಅಲ್ಲೇ ಪರೀಕ್ಷೆ ಮಾಡಿ, ಸರಿ ಬಂದ ಮೇಲೇ ಕಡತಕ್ಕೆ ಬರೆಯೋದು. ತಪ್ಪಾದರೂ ಮುಂದಿನ ಬೂಟಿಗೆ ಉಳಿಯೋದಿಲ್ಲ ನೋಡಿ.

ನಿಮ್ಮ ವಿಳಾಸದ ಲೆಕ್ಕ ಸರಿಯಿದೆ. ಈಡ್ಯಾಕ್ ಕೊಡೋದು ಪುಟದ ಸಂಖ್ಯೆ, ಅದನ್ನು 4096ರಿಂದ ಗುಣಿಸಿದರೆ ವಿಳಾಸ. ಹೆಕ್ಸ್‌ನಲ್ಲಾದರೆ ಕೊನೆಗೆ ಮೂರು ಸೊನ್ನೆ ಸೇರಿಸಿದರಾಯ್ತು, 0ಎಕ್ಸ್238491000. ಎಂಬಿಯಲ್ಲಿ ಹೇಳಿದರೆ 9092 ದಾಟಿ ಸ್ವಲ್ಪ. 9088ರಿಂದ 64 ಎಂಬಿ ಅಂದರೆ 9152ರವರೆಗೆ, ಕೆಟ್ಟ ಪುಟ ಅದರೊಳಗೇ ಬೀಳುತ್ತೆ. 9088 ಸಂಖ್ಯೆ 64ರಿಂದ ಸರಿಯಾಗಿ ಭಾಗವಾಗುವುದೂ ಒಳ್ಳೇದೇ, 2 ಎಂಬಿ ಗಡಿಗಳು ಮುರಿಯೋದಿಲ್ಲ.

---

ಸೀರಿಯಲ್_ತಂತಿ ಉತ್ತರ:

ಮೇಲಿನದು ಸರಿ. ಪರದೆಯಲ್ಲಿ ಏನೂ ಕಾಣದಿದ್ದುದಕ್ಕೆ ಕಾರಣ ಸೇರಿಸ್ತೀನಿ, ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೇ ಇನಿಟ್‌ರ್ಯಾಮ್‌ಎಫ್‌ಎಸ್ ಅನ್ನೇ ಮೂರು ಮೂರು ಸಲ ಕಟ್ಟುತ್ತಾರೆ.

‘ಲೋಡಿಂಗ್ ಇನಿಶಿಯಲ್ ರ್ಯಾಮ್‌ಡಿಸ್ಕ್’ ಅನ್ನೋದು ಕರ್ನಲ್‌ನ ಮಾತಲ್ಲ, ಗ್ರಬ್‌ನ ಕೊನೇ ಮಾತು. ಅದಾದ ಮೇಲೆ ಕರ್ನಲ್ ಶುರುವಾಗಿದೆ, ಪ್ಯಾನಿಕ್ ಕೂಡ ಆಗಿದೆ. ಆದರೆ ಆ ಹೊತ್ತಿಗೆ ಕನ್ಸೋಲ್ ಇನ್ನೂ ತಯಾರಾಗಿರಲಿಲ್ಲ, ಬರೆದದ್ದು ಬಫರಿನಲ್ಲೇ ಉಳಿಯಿತು. ನೋಡಬೇಕು ಅಂದರೆ ಕರ್ನಲ್ ಸಾಲಿನಲ್ಲಿ ‘ಕ್ವೈಟ್’ ತೆಗೆದು ಇವೆರಡನ್ನು ಹಾಕಿ:

ಅರ್ಲಿಪ್ರಿಂಟ್‌ಕೆ=ಟಿಟಿವೈಎಸ್0,115200
ಕನ್ಸೋಲ್=ಟಿಟಿವೈಎಸ್0,115200

ಬಿಎಂಸಿ (ಸರ್ವರನ್ನು ದೂರದಿಂದ ನೋಡಿಕೊಳ್ಳುವ ಚಿಪ್) ಮೂಲಕ ಸೀರಿಯಲ್ ನೋಡುವುದಾದರೆ ಬಹಳಷ್ಟು ಬೋರ್ಡುಗಳಲ್ಲಿ ಆ ಪೋರ್ಟು ಟಿಟಿವೈಎಸ್1 ಆಗಿರುತ್ತೆ. ಬಯೋಸ್‌ನಲ್ಲಿ ಯಾವ ಪೋರ್ಟಿಗೆ, ಯಾವ ವೇಗಕ್ಕೆ ಸೆಟ್ ಆಗಿದೆ ಅಂತ ನೋಡಿಕೊಂಡು ಅದೇ ಹಾಕಿ. ಇನ್ನೊಂದು ಯಂತ್ರದಿಂದ ಐಪಿಎಂಐಟೂಲ್‌ನ ಎಸ್‌ಒಎಲ್ (ನೆಟ್‌ವರ್ಕ್ ಮೂಲಕ ಸೀರಿಯಲ್) ಆಕ್ಟಿವೇಟ್ ಕೊಟ್ಟು ಕೂತರೆ ಎಲ್ಲ ಕಾಣಿಸುತ್ತೆ.

ಆ ಲಾಗ್‌ನಲ್ಲಿ ಈ ಕ್ರಮದಲ್ಲಿ ಓದಿ. ಮೊದಲು ‘ಕಮಾಂಡ್ ಲೈನ್:’ ಸಾಲು. ಗ್ರಬ್ ನಿಜವಾಗಿ ಏನು ಕೊಟ್ಟಿತು ಅನ್ನೋದಕ್ಕೆ ಇದೊಂದೇ ಸಾಕ್ಷಿ, ಕಡತದಲ್ಲಿ ಏನಿದೆ ಅನ್ನೋದು ಲೆಕ್ಕಕ್ಕಿಲ್ಲ. ಆಮೇಲೆ ‘ಬಯೋಸ್-ಇ820’ ಸಾಲುಗಳು, ಫರ್ಮ್‌ವೇರ್ ಹೇಳಿದ ಮೆಮೊರಿ ನಕ್ಷೆ. ಅದರ ಕೆಳಗೆ ‘ಇ820: ರಿಮೂವ್’ ಅಂತ ಒಂದು ಸಾಲು ಇರಬೇಕು, ನಿಮ್ಮದರಲ್ಲಿ 0ಎಕ್ಸ್04000000ರಿಂದ ಶುರುವಾಗಿ ಮೇಲಿನದೆಲ್ಲ ಹೋಗಿರುತ್ತೆ. ಆ ಸಂಖ್ಯೆಯೇ 64 ಎಂಬಿ. ನಂತರ ‘ಯೂಸರ್-ಡಿಫೈನ್ಡ್ ಫಿಸಿಕಲ್ ರ್ಯಾಮ್ ಮ್ಯಾಪ್’ ಅಂತ ತುಂಡಾದ ನಕ್ಷೆ ಬರುತ್ತೆ. ಕೊನೆಗೆ ಪ್ಯಾನಿಕ್. ಇನಿಟ್‌ಆರ್‌ಡಿ ಇರುವ ಜಾಗ ಈಗ ನಕ್ಷೆಯಲ್ಲೇ ಇಲ್ಲವಾದ್ದರಿಂದ ಕರ್ನಲ್ ಅದನ್ನು ಕೆಳಗೆ ಸಾಗಿಸಲು ನೋಡುತ್ತೆ, ಜಾಗ ಸಿಗದೆ ‘ಕೆನಾಟ್ ಫೈಂಡ್ ಪ್ಲೇಸ್ ಫಾರ್ ನ್ಯೂ ರ್ಯಾಮ್‌ಡಿಸ್ಕ್’ ಅಂದು ನಿಲ್ಲುತ್ತೆ.

ಇದೇ ಜಾತಿಯ ಇನ್ನೊಂದು ತಪ್ಪು: ‘ಮೆಮ್=4096’ ಅಂತ ಬರೆದು 4 ಜಿಬಿ ಅಂದುಕೊಳ್ಳೋದು. ಕೊನೆಗೆ ಕೆ, ಎಂ, ಜಿ ಇಲ್ಲದಿದ್ದರೆ ಅದು ಬೈಟ್. 4096 ಬೈಟಿನಲ್ಲಿ ಯಾವ ಕರ್ನಲ್ಲೂ ಏಳೋದಿಲ್ಲ, ಲಕ್ಷಣ ನಿಮ್ಮದರ ಹಾಗೇ ಇರುತ್ತೆ. ಮತ್ತೆ ಮೆಮ್= ಹೇಳೋದು ಮೆಮೊರಿ ಎಷ್ಟು ಅಂತ ಅಲ್ಲ, ಯಾವ ವಿಳಾಸದವರೆಗೆ ಅಂತ. 4 ಜಿಬಿ ಕೆಳಗೆ ಪಿಸಿಐ ಸಾಧನಗಳಿಗೆ ಬಿಟ್ಟ ಖಾಲಿ ಕಿಂಡಿ ಇರೋದರಿಂದ ಮೆಮ್=4ಜಿ ಕೊಟ್ಟರೆ ಕೈಗೆ ಸಿಗೋದು 4 ಜಿಬಿಗಿಂತ ಸಾಕಷ್ಟು ಕಡಿಮೆ.

---

ಪುಟಲೆಕ್ಕ ಉತ್ತರ:

ಮೆಮ್‌ಮ್ಯಾಪ್ ಸರಿಯಾಗಿ ಹಾಕೋದು ಹೇಗೆ ಅಂತ ಆಯ್ತು. ಅದು ಬೇಕೇ ಅನ್ನೋದನ್ನೂ ನೋಡೋಣ.

ಒಂದೇ ಪುಟ ಪದೇ ಪದೇ ಸಿಇ ಕೊಡ್ತಿದ್ದರೆ ರೀಬೂಟ್ ಇಲ್ಲದೆಯೇ ಆ ಪುಟವನ್ನು ಚಲಾವಣೆಯಿಂದ ತೆಗೆಯಬಹುದು. 0ಎಕ್ಸ್238491000 ಅನ್ನು ರೂಟ್ ಆಗಿ /ಸಿಸ್/ಡಿವೈಸಸ್/ಸಿಸ್ಟಮ್/ಮೆಮೊರಿ/ಸಾಫ್ಟ್_ಆಫ್‌ಲೈನ್_ಪೇಜ್ ಕಡತಕ್ಕೆ ಎಕೋ ಮಾಡಿ. ಅಲ್ಲಿರುವ ಮಾಹಿತಿಯನ್ನು ಕರ್ನಲ್ ಬೇರೆ ಪುಟಕ್ಕೆ ಸಾಗಿಸಿ, ಇದನ್ನು ಮತ್ತೆ ಯಾರಿಗೂ ಕೊಡೋದಿಲ್ಲ. ಆಯ್ತೋ ಇಲ್ಲವೋ ಅಂತ /ಪ್ರಾಕ್/ಮೆಮ್‌ಇನ್‌ಫೋದ ‘ಹಾರ್ಡ್‌ವೇರ್‌ಕರಪ್ಟೆಡ್’ ಸಾಲಿನಲ್ಲಿ ಗೊತ್ತಾಗುತ್ತೆ, ಪುಟಕ್ಕೆ 4 ಕೆಬಿ ಏರಬೇಕು. ಗಮನಿಸಿ, ಇಲ್ಲಿ ಬೇಕಾದ್ದು ವಿಳಾಸ, ಪುಟದ ಸಂಖ್ಯೆಯಲ್ಲ. ಮೂರು ಸೊನ್ನೆ ಮರೆತರೆ ಯಾವುದೋ ನಿರಪರಾಧಿ ಪುಟ ಹೊರಗೆ ಹೋಗುತ್ತೆ. ಆ ಪುಟದಲ್ಲಿ ಕರ್ನಲ್‌ನದೇ ಮಾಹಿತಿ ಕೂತಿದ್ದರೆ ಸಾಗಿಸಲು ಆಗೋದಿಲ್ಲ, ಕಮಾಂಡ್ ದೋಷ ಕೊಡುತ್ತೆ. ರೀಬೂಟ್ ಆದರೆ ಈ ಗುರುತೂ ಅಳಿಸಿಹೋಗುತ್ತೆ. ದೋಷ ಎಣಿಸುವ ರಾಸ್‌ಡೀಮನ್ ಸೇವೆ ಓಡುತ್ತಿದ್ದರೆ ಈ ಕೆಲಸ ಅದೇ ಮಾಡುತ್ತೆ, ಡಿಫಾಲ್ಟ್ ಮಿತಿ ಒಂದು ಪುಟಕ್ಕೆ 24 ಗಂಟೆಯಲ್ಲಿ 50 ಸಿಇ.

ಆದರೆ ದೋಷಗಳು ಬೇರೆ ಬೇರೆ ಪುಟಗಳಿಗೆ ಹರಡಿದ್ದರೆ ಮೆಮ್‌ಮ್ಯಾಪ್ ಆಗಲಿ ಇದಾಗಲಿ ಎರಡೂ ವ್ಯರ್ಥ. ಸರ್ವರ್‌ಗಳಲ್ಲಿ ಚಾನೆಲ್‌ಗಳ ನಡುವೆ ಇಂಟರ್‌ಲೀವ್ ಇರುತ್ತೆ, ಅಂದರೆ ಒಂದು ಡಿಮ್ಮಿನ ಜಾಗ ಒಂದೇ ಕಡೆ ಸಾಲಾಗಿ ಇರೋದಿಲ್ಲ, ಇಡೀ ವಿಳಾಸದ ಹರವಿನಲ್ಲಿ ಚೂರುಚೂರಾಗಿ ಬೆರೆತಿರುತ್ತೆ. ಡಿಮ್ಮಿನ ಒಂದು ಚಿಪ್ಪೇ ಹೋಗಿದ್ದರೆ 64 ಎಂಬಿ ಮುಚ್ಚಿ ಏನೂ ಉಪಯೋಗವಿಲ್ಲ. ಈಡ್ಯಾಕ್ ಡೈರೆಕ್ಟರಿಯಲ್ಲಿ ಆ ಡಿಮ್ಮಿನ ‘ಡಿಮ್_ಸಿಇ_ಕೌಂಟ್’ ದಿನಕ್ಕೆರಡು ಸಲ ನೋಡಿ. ‘ಯುಇ’ (ತಿದ್ದಲಾಗದ ದೋಷ) ಒಂದೇ ಒಂದು ಬಂದರೂ ಕಾಯಬೇಡಿ, ಡಿಮ್ಮು ಕಿತ್ತುಬಿಡಿ.

---

ರ್ಯಾಕ್_ಮೂಲೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ಮೆಮ್‌ಮ್ಯಾಪ್ ಅಳಿಸಿದೆ, ಕೂಡಲೇ ಎದ್ದಿತು. ಸೀರಿಯಲ್‌ನಲ್ಲಿ ನೋಡಿದಾಗ ಕಮಾಂಡ್ ಲೈನ್‌ನಲ್ಲಿ 9088 ಮಾಯವಾಗಿದ್ದದ್ದು ನಿಜ.

ಆದರೆ ಇವತ್ತು ಇನ್ನೂ ಮೂರು ಬೇರೆ ಪುಟಗಳಲ್ಲಿ ಸಿಇ ಬಂತು. ಅದಕ್ಕೆ ಡಿಮ್ಮು ತೆಗೆಯೋದೇ ಸರಿ ಅಂತ ನಿರ್ಧರಿಸಿದೆ. ಮ್ಯಾನ್ಯುಯಲ್ ಪ್ರಕಾರ ಜೋಡಿಯಾಗಿ ತೆಗೆಯಬೇಕು, ಹಾಗಾಗಿ ಈಗ 32 ಜಿಬಿ. ಬಯೋಸ್ ಸರಿಯಾಗಿ 32 ತೋರಿಸುತ್ತೆ. ಬೂಟ್ ಮಾಡಿದರೆ ಕೆಲವು ಸೆಕೆಂಡಿನಲ್ಲಿ:

ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ಸಿಸ್ಟಮ್ ಈಸ್ ಡೆಡ್‌ಲಾಕ್ಡ್ ಆನ್ ಮೆಮೊರಿ

20480 ಹ್ಯೂಜ್‌ಪೇಜ್ ಅಂದರೆ 40 ಜಿಬಿ, 32ರಲ್ಲಿ ಹಿಡಿಸೋದಿಲ್ಲ ಅಂತ ಹೊಳೆಯಿತು. ರೆಸ್ಕ್ಯೂನಿಂದ /ಇಟಿಸಿ/ಸಿಸ್‌ಸಿಟಿಎಲ್.ಕಾನ್ಫ್‌ನಲ್ಲಿ ವಿಎಂ.ಎನ್‌ಆರ್_ಹ್ಯೂಜ್‌ಪೇಜಸ್ ಅನ್ನು 10240 ಮಾಡಿದೆ. ಕಡತ ಸೇವ್ ಆಗಿದೆ, ಎರಡು ಸಲ ನೋಡಿದೆ. ಆದರೂ ಅದೇ ಪ್ಯಾನಿಕ್. ಕರ್ನಲ್ ಸಾಲಿನಲ್ಲಿ ಹ್ಯೂಜ್‌ಪೇಜಸ್= ಇಲ್ಲ.

---

ಪುಟಲೆಕ್ಕ ಉತ್ತರ:

ನೀವು ತಿದ್ದಿದ ಕಡತವನ್ನು ಓದುವ ಹಂತಕ್ಕೆ ಯಂತ್ರ ಹೋಗಿಯೇ ಇಲ್ಲ. ಡ್ರ್ಯಾಕಟ್ ಇನಿಟ್‌ರ್ಯಾಮ್‌ಎಫ್‌ಎಸ್ ಕಟ್ಟುವಾಗ ಸಿಸ್‌ಸಿಟಿಎಲ್.ಕಾನ್ಫ್ ಮತ್ತು ಸಿಸ್‌ಸಿಟಿಎಲ್.ಡಿ ಒಳಗಿನ ಕಡತಗಳ ಪ್ರತಿಯನ್ನು ಅದರೊಳಗೆ ಇಟ್ಟುಬಿಡುತ್ತೆ. ಅಸಲಿ ರೂಟ್ ಮೌಂಟ್ ಆಗುವ ಮುಂಚೆಯೇ ಸಿಸ್ಟಮ್‌ಡಿ-ಸಿಸ್‌ಸಿಟಿಎಲ್ ಆ ಹಳೇ ಪ್ರತಿ ಓದಿ 20480 ಕೇಳುತ್ತೆ. ಅಷ್ಟು ಇಲ್ಲದಿದ್ದರೆ ಕರ್ನಲ್ ‘ಆಗಲ್ಲ’ ಅನ್ನೋದಿಲ್ಲ, ಸಿಕ್ಕಷ್ಟನ್ನೆಲ್ಲ ಬಾಚಿ ಹ್ಯೂಜ್‌ಪೇಜ್ ಮಾಡುತ್ತೆ. ಉಳಿದವರಿಗೆ ಸಣ್ಣ ಪುಟ ಸಿಗದೆ ಒಒಎಂ (ಮೆಮೊರಿ ಮುಗಿದಾಗ ಕರ್ನಲ್ ಪ್ರಕ್ರಿಯೆಗಳನ್ನು ಕೊಲ್ಲೋದು) ಶುರುವಾಗುತ್ತೆ, ಇನಿಟ್‌ರ್ಯಾಮ್‌ಎಫ್‌ಎಸ್ ಹಂತದಲ್ಲಿ ಕೊಲ್ಲಲು ಪ್ರಕ್ರಿಯೆಗಳೇ ಇಲ್ಲ, ಹಾಗಾಗಿ ಪ್ಯಾನಿಕ್.

ಗ್ರಬ್‌ನಲ್ಲಿ ‘ಇ’ ಒತ್ತಿ ಲಿನಕ್ಸ್ ಸಾಲಿನ ಕೊನೆಗೆ ಇದು ಸೇರಿಸಿ:

ಆರ್‌ಡಿ.ಸಿಸ್ಟಮ್‌ಡಿ.ಮಾಸ್ಕ್=ಸಿಸ್ಟಮ್‌ಡಿ-ಸಿಸ್‌ಸಿಟಿಎಲ್.ಸರ್ವಿಸ್

‘ಆರ್‌ಡಿ.’ ಇದ್ದರೆ ಇನಿಟ್‌ರ್ಯಾಮ್‌ಎಫ್‌ಎಸ್ ಒಳಗೆ ಮಾತ್ರ ಅನ್ವಯ. ಅಸಲಿ ಸಿಸ್ಟಮ್‌ಗೆ ಬಂದ ಮೇಲೆ ನೀವು ತಿದ್ದಿದ 10240 ಜಾರಿಯಾಗುತ್ತೆ, ಅದನ್ನು ತಡೆಯೋದು ಬೇಡ. ಎದ್ದ ಮೇಲೆ ಡ್ರ್ಯಾಕಟ್ -ಎಫ್ ಓಡಿಸಿ. ಆಮೇಲೆ ಎಲ್‌ಎಸ್‌ಇನಿಟ್‌ಆರ್‌ಡಿಗೆ -ಎಫ್ ಕೊಟ್ಟು ಇಟಿಸಿ/ಸಿಸ್‌ಸಿಟಿಎಲ್.ಕಾನ್ಫ್ ತೆರೆದು 10240 ಇದೆಯಾ ಅಂತ ಕಣ್ಣಾರೆ ನೋಡಿ. ಹಳೇ ಕರ್ನಲ್‌ಗಳ ಇನಿಟ್‌ರ್ಯಾಮ್‌ಎಫ್‌ಎಸ್‌ನಲ್ಲೂ ಹಳೇ ಸಂಖ್ಯೆಯೇ ಇರುತ್ತೆ, --ರೀಜನರೇಟ್-ಆಲ್ ಜೊತೆ -ಎಫ್ ಕೊಟ್ಟರೆ ಎಲ್ಲವೂ ಹೊಸದಾಗುತ್ತೆ. /ಬೂಟ್‌ನಲ್ಲಿ ಜಾಗ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಅರ್ಧ ಬರೆದ ಇನಿಟ್‌ರ್ಯಾಮ್‌ಎಫ್‌ಎಸ್ ಇನ್ನೊಂದು ತಲೆನೋವು.

ರೆಸ್ಕ್ಯೂ ಯುಎಸ್‌ಬಿಯಿಂದ ಕ್ರೂಟ್ ಮಾಡಿ (ಡಿಸ್ಕಿನ ಸಿಸ್ಟಮ್ ಒಳಗೆ ಹೊಕ್ಕು) ಕಟ್ಟುವುದಾದರೆ --ಕೆವರ್ ಕೊಟ್ಟು ನಿಮ್ಮ ಡಿಸ್ಕಿನ ಕರ್ನಲ್ ಆವೃತ್ತಿ ಹೇಳಲೇಬೇಕು. ಹೇಳದಿದ್ದರೆ ಡ್ರ್ಯಾಕಟ್ ಈಗ ಓಡುತ್ತಿರುವ ಕರ್ನಲ್, ಅಂದರೆ ಯುಎಸ್‌ಬಿಯದು, ಅದಕ್ಕೆ ಕಟ್ಟಲು ಹೋಗುತ್ತೆ. ನಿಮ್ಮದು ಹಾಗೇ ಉಳಿಯುತ್ತೆ.

---

ಬೂಟ್‌ಬಾಗಿಲು ಉತ್ತರ:

ಎರಡು ಮಾತು. /ಇಟಿಸಿ/ಡಿಫಾಲ್ಟ್/ಗ್ರಬ್‌ನಲ್ಲಿ ಮೆಮ್‌ಮ್ಯಾಪ್ ಇನ್ನೂ ಉಳಿದಿದ್ದರೆ ತೆಗೆದುಬಿಡಿ. ಡಿಮ್ಮು ಕಿತ್ತ ಮೇಲೆ ಇಂಟರ್‌ಲೀವ್ ಬದಲಾಗಿದೆ. 9088 ಎಂಬಿ ವಿಳಾಸ ಈಗ ಬೇರೆ ಡಿಮ್ಮಿನ ಒಳ್ಳೇ ಜಾಗ.

ಇನ್ನೊಂದು, ಮುಂದೆ ಹ್ಯೂಜ್‌ಪೇಜ್ ಅನ್ನು ಕರ್ನಲ್ ಸಾಲಿಗೆ ಸಾಗಿಸುವ ಯೋಚನೆ ಇದ್ದರೆ ಕ್ರಮ ಮುಖ್ಯ. ಹ್ಯೂಜ್‌ಪೇಜ್‌ಎಸ್‌ಜೆಡ್= ಮೊದಲು, ಅದರ ಹಿಂದೆಯೇ ಹ್ಯೂಜ್‌ಪೇಜಸ್=. ತಿರುಗಾಮುರುಗಾ ಆದರೆ ಸಂಖ್ಯೆ ಡಿಫಾಲ್ಟ್ ಅಳತೆಗೆ ಅಂಟಿಕೊಳ್ಳುತ್ತೆ. ಡಿಫಾಲ್ಟ್ ಅಳತೆಯನ್ನು 1 ಜಿಬಿ ಮಾಡಿ ಹಳೇ 10240 ಹಾಗೇ ಬಿಟ್ಟರೆ ನೀವು ಕೇಳ್ತಿರೋದು 10240 ಜಿಬಿ. ‘ಹ್ಯೂಜ್‌ಟಿಎಲ್‌ಬಿ: ಅಲೋಕೇಟಿಂಗ್ … ಫೇಲ್ಡ್’ ಅನ್ನೋ ಸಾಲು ಬೂಟ್ ಲಾಗ್‌ನಲ್ಲಿ ಬಂದರೆ ಮೊದಲು ಇದನ್ನೇ ಅನುಮಾನಿಸಿ.

---

ರ್ಯಾಕ್_ಮೂಲೆ ಬರೆದದ್ದು:

ಮಾಸ್ಕ್ ಹಾಕಿ ಏಳಿಸಿದೆ, ಡ್ರ್ಯಾಕಟ್ ಮುಗಿಸಿದೆ, ಈಗ ಎರಡು ಸಲ ಸರಾಗ ಬೂಟ್ ಆಯ್ತು. ಉಳಿದದ್ದು ಒಂದೇ. ಪೋಸ್ಟ್‌ಗ್ರೆಸ್ ಶುರು ಮಾಡಿದರೆ ‘ಕೆನಾಟ್ ಅಲೋಕೇಟ್ ಮೆಮೊರಿ’. ಶೇರ್ಡ್_ಬಫರ್ಸ್ (ಪೋಸ್ಟ್‌ಗ್ರೆಸ್‌ನ ಹಂಚಿಕೆಯ ಬಫರ್) 36 ಜಿಬಿಯಿಂದ 24 ಜಿಬಿಗೆ ಇಳಿಸಿದ್ದೀನಿ. ಓವರ್‌ಕಮಿಟ್_ಮೆಮೊರಿ 2, ಅನುಪಾತ 50, ಸ್ವಾಪ್ 4 ಜಿಬಿ. ಫ್ರೀ ನೋಡಿದರೆ ಹತ್ತು ಜಿಬಿ ಖಾಲಿ ಇದೆ.

---

ಪುಟಲೆಕ್ಕ ಉತ್ತರ:

ಹ್ಯೂಜ್‌ಪೇಜ್ 20 ಜಿಬಿ, ಬಫರ್ 24 ಜಿಬಿ. ಹಿಡಿಸೋದಿಲ್ಲ. ಪೋಸ್ಟ್‌ಗ್ರೆಸ್‌ನ ಹ್ಯೂಜ್_ಪೇಜಸ್ ಡಿಫಾಲ್ಟ್ ಬೆಲೆ ‘ಟ್ರೈ’. ಅಂದರೆ ಹ್ಯೂಜ್‌ಪೇಜ್ ಸಾಲದಿದ್ದರೆ ಸದ್ದಿಲ್ಲದೆ ಇಡೀ 24 ಜಿಬಿಯನ್ನು ಸಾಮಾನ್ಯ 4 ಕೆಬಿ ಪುಟಗಳಲ್ಲಿ ಕೇಳುತ್ತೆ. ಮೀಸಲಿಟ್ಟ 20 ಜಿಬಿ ಹಾಗೇ ಬಿದ್ದಿರುತ್ತೆ, ಬೇರೆ ಯಾರಿಗೂ ಸಿಗೋದಿಲ್ಲ.

ಓವರ್‌ಕಮಿಟ್ 2 (ಮಿತಿ ಮೀರಿ ಮೆಮೊರಿ ಕೊಡದ ಸ್ಥಿತಿ) ಇದ್ದಾಗ ಮಿತಿ ಫ್ರೀ ತೋರಿಸುವ ಸಂಖ್ಯೆಯಲ್ಲ, ಮೆಮ್‌ಇನ್‌ಫೋದ ‘ಕಮಿಟ್‌ಲಿಮಿಟ್’. ಒಟ್ಟು ಮೆಮೊರಿಯಿಂದ ಹ್ಯೂಜ್‌ಪೇಜ್ ಕಳೆದು, ಅನುಪಾತದಿಂದ ಗುಣಿಸಿ, ಸ್ವಾಪ್ ಕೂಡಿಸಿ. ನಿಮ್ಮದರಲ್ಲಿ ಸುಮಾರು 31ರಲ್ಲಿ 20 ಕಳೆದರೆ 11, ಅದರ ಅರ್ಧ 5.5, ಸ್ವಾಪ್ 4, ಒಟ್ಟು 9.5 ಜಿಬಿ. 24 ಕೇಳಿದರೆ ಸಿಗುತ್ತಾ? 64 ಜಿಬಿ ಇದ್ದಾಗ 40 ಜಿಬಿ ಹ್ಯೂಜ್‌ಪೇಜ್‌ನಲ್ಲಿ 36 ಜಿಬಿ ಬಫರ್ ಸಲೀಸಾಗಿ ಕೂರುತ್ತಿತ್ತು, ಹ್ಯೂಜ್‌ಪೇಜ್ ಬಳಕೆ ಈ ಮಿತಿಯ ಲೆಕ್ಕಕ್ಕೇ ಬರೋದಿಲ್ಲ. ಅದಕ್ಕೇ ಅಲ್ಲಿಯವರೆಗೆ ತೊಂದರೆ ಕಾಣಿಸಿರಲಿಲ್ಲ.

ಶೇರ್ಡ್_ಬಫರ್ಸ್ 16 ಜಿಬಿ ಮಾಡಿ. ಹ್ಯೂಜ್_ಪೇಜಸ್ ‘ಆನ್’ ಮಾಡಿ, ಆಗ ಸಾಲದಿದ್ದರೆ ಶುರುವಾಗದೆ ನೇರವಾಗಿ ಹೇಳುತ್ತೆ. ಎಷ್ಟು ಪುಟ ಬೇಕು ಅಂತ ಊಹೆ ಬೇಡ. ಆವೃತ್ತಿ 15 ಅಥವಾ ಮೇಲಿನದಾದರೆ ಸರ್ವರ್ ನಿಂತಿರುವಾಗ ಪೋಸ್ಟ್‌ಗ್ರೆಸ್ -ಸಿ ಜೊತೆ ‘ಶೇರ್ಡ್_ಮೆಮೊರಿ_ಸೈಜ್_ಇನ್_ಹ್ಯೂಜ್_ಪೇಜಸ್’ ಕೇಳಿ, ಸಂಖ್ಯೆ ಕೊಡುತ್ತೆ. 16 ಜಿಬಿ ಬಫರಿಗೇ 8192 ಪುಟ, ಉಳಿದ ಹಂಚಿಕೆಯ ಮೆಮೊರಿಗೆ ಅದರ ಮೇಲೆ ಒಂದಿಷ್ಟು. ಅದು ಹೇಳಿದ ಸಂಖ್ಯೆಗೆ ಸ್ವಲ್ಪ ಸೇರಿಸಿ ಸಿಸ್‌ಸಿಟಿಎಲ್‌ನಲ್ಲಿ ಬರೆದು, ಮತ್ತೆ ಡ್ರ್ಯಾಕಟ್ -ಎಫ್. ಸಂಪರ್ಕಗಳು, ವರ್ಕ್_ಮೆಮ್, ಬ್ಯಾಕಪ್ ಎಲ್ಲ ಬದುಕೋದು ಉಳಿದ ಸಣ್ಣ ಪುಟಗಳಲ್ಲೇ. ಹಾಗಾಗಿ ಅನುಪಾತವನ್ನೂ 80ಕ್ಕೆ ಏರಿಸಿ. 31ರಲ್ಲಿ ಸುಮಾರು 17 ಕಳೆದರೆ 14, ಅದರ 80 ಶೇಕಡಾ 11.2, ಸ್ವಾಪ್ ಸೇರಿ 15.2 ಜಿಬಿ ಸಿಗುತ್ತೆ.

ಶುರುವಾದ ಮೇಲೆ ಮೆಮ್‌ಇನ್‌ಫೋದಲ್ಲಿ ‘ಹ್ಯೂಜ್‌ಪೇಜಸ್_ಫ್ರೀ’ ಇಳಿಯಬೇಕು ಅಥವಾ ‘ಹ್ಯೂಜ್‌ಪೇಜಸ್_ಆರ್‌ಎಸ್‌ವಿಡಿ’ ಏರಬೇಕು. ಎರಡೂ ಅಲುಗದಿದ್ದರೆ ಪೋಸ್ಟ್‌ಗ್ರೆಸ್ ಆ ಪುಟಗಳನ್ನು ಮುಟ್ಟಿಲ್ಲ ಅಂತ ಅರ್ಥ.

---

ಸೀರಿಯಲ್_ತಂತಿ ಉತ್ತರ:

ಹೊಸ ಡಿಮ್ಮು ಬಂದ ದಿನಕ್ಕೆ ಒಂದು ಸೂಚನೆ. ಹಾಕಿದ ಕೂಡಲೇ ಹ್ಯೂಜ್‌ಪೇಜ್ 20480ಕ್ಕೆ ಏರಿಸಬೇಡಿ. ಮೊದಲು ಮೆಮ್‌ಟೆಸ್ಟ್86+ ಒಂದು ಪೂರ್ತಿ ಪಾಸ್ ಓಡಲಿ, 6ನೇ ಆವೃತ್ತಿಯಿಂದ ಅದು ಯುಇಎಫ್‌ಐನಲ್ಲೂ ಓಡುತ್ತೆ. ಆಮೇಲೆ ಈಗಿನ ಚಿಕ್ಕ ಸಂಖ್ಯೆಯಲ್ಲೇ ಬೂಟ್ ಮಾಡಿ ಮೆಮ್‌ಟೋಟಲ್ ಸುಮಾರು 62 ಜಿಬಿ ಇದೆಯಾ, ಡಿಎಂಐಡಿಕೋಡ್ -ಟಿ 17ರಲ್ಲಿ ನಾಲ್ಕೂ ಸ್ಲಾಟಿಗೆ 16 ಜಿಬಿ ಇದೆಯಾ ನೋಡಿ. ಡಿಮ್ಮು ಸರಿಯಾಗಿ ಕೂರದಿದ್ದರೆ ಕೆಲವು ಬಯೋಸ್‌ಗಳು ಅದನ್ನು ಬದಿಗಿಟ್ಟು 48 ಜಿಬಿಯಲ್ಲೇ ಮುಂದೆ ಹೋಗುತ್ತವೆ. ಆ ಸ್ಥಿತಿಯಲ್ಲಿ 40 ಜಿಬಿ ಮೀಸಲಿಟ್ಟರೆ ಬೂಟ್ ಆಗುತ್ತೆ, ಆದರೆ ಉಳಿದದ್ದಕ್ಕೆ 8 ಜಿಬಿಯೂ ಇರೋದಿಲ್ಲ, ಒಒಎಂ ಬರೋದು ರಾತ್ರಿ ಬ್ಯಾಕಪ್ ಹೊತ್ತಿಗೆ. ಸಂಖ್ಯೆಗಳು ಸರಿ ಬಂದ ಮೇಲೇ ಸಿಸ್‌ಸಿಟಿಎಲ್ ತಿದ್ದಿ, ಡ್ರ್ಯಾಕಟ್ -ಎಫ್ ಓಡಿಸಿ, ಕೊನೆಯಲ್ಲಿ ಶೇರ್ಡ್_ಬಫರ್ಸ್ ಏರಿಸಿ. ಅನುಪಾತವನ್ನು 50ಕ್ಕೆ ಇಳಿಸೋದೂ ಆಗಲೇ.